ಎರಡೇ ಸಲ ಕೆಮ್ಮಬೇಕು

ನನ್ನ ಗಂಡ ಕೆಮ್ಮಿದರು, ನನ್ನ ಮಕ್ಕಳು ಪ್ರಸಿದ್ಧರಾದರು. ನಮ್ಮ ಮನೆಯ ಸಂಗೀತದ ಇತಿಹಾಸ ಇಷ್ಟೇ. ಪತ್ರಿಕೆಯವರು ಬಂದರೆ ದೊಡ್ಡ ಮಗ ಸಾಧನೆ, ತಪಸ್ಸು, ಬಾಲ್ಯದಿಂದಲೂ ಇದ್ದ ತುಡಿತ ಎಂದು ಉದ್ದಕ್ಕೆ ಎಳೆಯುತ್ತಾನೆ. ಬಾಲ್ಯದಲ್ಲಿ ಅವನಿಗೆ ಇದ್ದ ತುಡಿತ ಒಂದೇ, ಹೋಂವರ್ಕ್ ತಪ್ಪಿಸಿಕೊಳ್ಳುವುದು. ಹೆತ್ತವಳು ನಾನು, ನನಗೆ ಗೊತ್ತಿಲ್ಲವೇ?

ದೊಡ್ಡವನು ಗಿಟಾರ್ ಹಿಡಿದು ಹಾಡುತ್ತಾನೆ, ಚಿಕ್ಕವನು ಡ್ರಮ್ಸ್ ಬಾರಿಸುತ್ತಾನೆ. ಹಿಂದಿನ ಕೋಣೆಯ ಗೋಡೆಗಳಿಗೆ ಹಳೆಯ ಹಾಸಿಗೆ ಒರಗಿಸಿ, ನಡುವೆ ಒಂದೇ ಒಂದು ಮೈಕು ನಿಲ್ಲಿಸಿ, ಅದನ್ನೇ ಸ್ಟುಡಿಯೊ ಎಂದು ಕರೆಯುತ್ತಿದ್ದರು. ರೆಕಾರ್ಡಿಂಗ್ ಇದ್ದ ದಿನ ಮನೆಯಲ್ಲಿ ಕರ್ಫ್ಯೂ. ಕುಕ್ಕರ್ ಕೂಗುವಂತಿಲ್ಲ, ನಲ್ಲಿ ಬಿಡುವಂತಿಲ್ಲ. ನಾನು ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಶಾಲೆ ಮಕ್ಕಳ ಯೂನಿಫಾರ್ಮು, ಪರದೆ, ದಿಂಬಿನ ಚೀಲ ಹೊಲಿಯುವವಳು. ಅವರಿಬ್ಬರ ಫೀಸು, ಗಿಟಾರು, ಡ್ರಮ್ಸು ಎಲ್ಲವೂ ಅದೇ ಮಿಷನ್ನಿನಿಂದ ಬಂದದ್ದು. ಆದರೂ ಮೊದಲು ಬೈಸಿಕೊಳ್ಳುತ್ತಿದ್ದದ್ದು ಅದೇ.

"ಅಮ್ಮಾ, ಮಿಷನ್ ನಿಲ್ಸು! ಅದರ ಸದ್ದು ಒಳಗೆ ಬಿದ್ರೆ ಏನ್ ಮಾಡಿದ್ರೂ ತೆಗೆಯೋಕಾಗಲ್ಲ. ಇಡೀ ಹಾಡು ಹಾಳು" ಎಂದು ದೊಡ್ಡವನು ಒಳಗಿನಿಂದಲೇ ಕಿರುಚುತ್ತಿದ್ದ. ನಾನು ಕಾಲು ತೆಗೆದು ಸುಮ್ಮನೆ ಕೂರುತ್ತಿದ್ದೆ.

ನಮ್ಮನೆಯವರು ಗ್ಯಾರೇಜಿನಲ್ಲಿ ಕಾರಿಗೆ ಬಣ್ಣ ಹೊಡೆಯುತ್ತಿದ್ದರು. ಸ್ಪ್ರೇ ಗನ್ ಹಿಡಿದರೆ ಇವರ ಕೈಯಷ್ಟು ಸಮನಾದ ಕೈ ಇನ್ನೊಂದಿಲ್ಲ ಎಂದು ಮಾಲೀಕನೇ ಹೇಳುತ್ತಿದ್ದ. ಮುಖಕ್ಕೆ ಕರವಸ್ತ್ರ ಕಟ್ಟಿಕೊಳ್ಳಿ ಎಂದು ನಾನು ಬಡಕೊಂಡಿದ್ದೇ ಬಂತು. ಕರವಸ್ತ್ರದೊಳಗೆ ಸೆಖೆ ಅಂತೆ. ಹೀಗೆ ಊರವರ ಕಾರಿಗೆಲ್ಲ ಬಳಿದ ಬಣ್ಣದಲ್ಲಿ ಅರ್ಧ ತಮ್ಮ ಎದೆಯೊಳಗೂ ಬಳಿದುಕೊಂಡರು. ಆ ಎದೆಗೆ ಕೊನೆಗೊಂದು ಸೋಂಕು ಹತ್ತಿ, ಕೆಲಸ ಬಿಟ್ಟು ಮನೆಯಲ್ಲಿ ಕೂತರು. ಸ್ಪ್ರೇ ಗನ್ ಮಾತ್ರ ತಂದು ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು.

ಆ ಹಾಡಿನ ದಿನ ಇವರು ಹಿಂದಿನ ಕೋಣೆಯ ಮೂಲೆಯಲ್ಲೇ ಕೂತಿದ್ದರು, ಮಕ್ಕಳ ಸಂಗೀತ ಕೇಳುವ ಹುಚ್ಚು. "ಕೆಮ್ಮಿದ್ರೆ ಆಚೆ ಕಳಿಸ್ತೀನಿ" ಎಂದು ಚಿಕ್ಕವನು ಮೊದಲೇ ಹೇಳಿದ್ದ. ಇವರು ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ತಡೆದರು. ಹಾಡು ಬಸ್ ಸ್ಟಾಪಿನಲ್ಲಿ ಕಾಯುವ ಒಬ್ಬ ಪೆದ್ದನದ್ದು. "ಬರ್ತೀನಂದೋಳು ಬರ್ಲಿಲ್ಲ" ಎಂದು ಹಾಡಿ, ಗಿಟಾರು ಡ್ರಮ್ಸು ಎರಡೂ ಗಪ್ಪನೆ ನಿಂತು, ಒಂದು ಖಾಲಿ ಜಾಗ ಬಿಟ್ಟು, ಆಮೇಲೆ "ಬಸ್ಸೂ ಬರ್ಲಿಲ್ಲ" ಎನ್ನಬೇಕು. ಆ ಖಾಲಿ ಜಾಗಕ್ಕೆ ಸರಿಯಾಗಿ ಇವರ ತಡೆ ಒಡೆಯಿತು. ಖೊಳ್, ಖೊಳ್. ಎರಡೇ ಸಲ, ತಾಳಕ್ಕೆ ಅಳತೆ ಮಾಡಿ ಇಟ್ಟ ಹಾಗೆ. ಚಿಕ್ಕವನಿಗೆ ನಗು ಬಂತು, ನಗುತ್ತಲೇ ಬಾರಿಸಿದ. ದೊಡ್ಡವನೂ ನಗುತ್ತಲೇ ಮುಂದಿನ ಸಾಲು ಹಾಡಿದ. ಅದಾದ ಮೇಲೆ ಎಷ್ಟು ಸಲ ಹಾಡಿದರೂ ಆ ಲವಲವಿಕೆ ಬರಲಿಲ್ಲವೆಂದು ಕೆಮ್ಮಿದ್ದನ್ನೇ ಇವರ ಫೋಟೊ ಹಾಕಿ ಇಂಟರ್ನೆಟ್ಟಿಗೆ ಬಿಟ್ಟರು.

ಅದು ಹತ್ತಿಕೊಂಡಿತು. ಆಟೋದಲ್ಲಿ, ಅಂಗಡಿಯಲ್ಲಿ, ಮದುವೆ ಮನೆಯಲ್ಲಿ ಎಲ್ಲೆಲ್ಲೂ ಅದೇ. ಖಾಲಿ ಜಾಗ ಬಂದರೆ ಕೇಳುವವರೆಲ್ಲ ಒಟ್ಟಿಗೆ ಖೊಳ್ ಖೊಳ್ ಎನ್ನುವುದು. ಶಾಲೆಯಲ್ಲಿ ಮಕ್ಕಳು ಟೀಚರ ಪಾಠದ ನಡುವೆ ಕೆಮ್ಮಿ ಏಟು ತಿಂದರಂತೆ. ಇವರನ್ನು ಬೀದಿಯಲ್ಲಿ ಕಂಡರೆ ಜನ "ಕೆಮ್ಮಜ್ಜ!" ಎಂದು ಕೂಗಿ ಮೊಬೈಲು ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದರು. ಇವರು ತಲೆ ಬಾಚಿಕೊಳ್ಳದೆ ಹಾಲು ತರಲು ಹೋಗುವುದನ್ನೂ ಬಿಟ್ಟರು. ನನಗೆ ನಗು ಬರುತ್ತಿತ್ತು, ಒಳಗೊಳಗೇ ಹೆಮ್ಮೆಯೂ ಆಗುತ್ತಿತ್ತು, ಸುಳ್ಳೇಕೆ ಹೇಳಲಿ.

ಹಾಡಿನ ದುಡ್ಡಿನಿಂದ ಆದ ಒಂದೇ ಒಳ್ಳೆಯ ಕೆಲಸ ಎಂದರೆ ಇವರಿಗೆ ಸರಿಯಾದ ಔಷಧಿ ಶುರುವಾಯಿತು. ಎದೆ ಆಸ್ಪತ್ರೆಯ ಡಾಕ್ಟರಮ್ಮ ಖಡಕ್ ಹೆಂಗಸು. ಮಾತ್ರೆಯ ಹಾಳೆಗಳನ್ನು ನನ್ನ ಕೈಗೇ ಕೊಟ್ಟು ಹೇಳಿದರು: "ಕೆಮ್ಮು ನಿಂತ ತಕ್ಷಣ ವಾಸಿಯಾಯ್ತು ಅಂದ್ಕೋಬೇಡಿ. ಪೂರ್ತಿ ನುಂಗಬೇಕು. ಮಧ್ಯ ಬಿಟ್ರೆ ಸೋಂಕು ವಾಪಸ್ ಬರುತ್ತೆ, ಆಮೇಲೆ ಈ ಮಾತ್ರೆನೂ ಕೇಳಲ್ಲ. ಮನುಷ್ಯನನ್ನ ತಗೊಂಡೇ ಹೋಗುತ್ತೆ." ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾತ್ರೆ ಕೊಟ್ಟೆ. ಮೆಲ್ಲಗೆ ಕೆಮ್ಮು ನಿಂತಿತು. ಎಷ್ಟೋ ವರ್ಷಗಳ ಮೇಲೆ ಇವರ ಪಕ್ಕದಲ್ಲಿ ಮಲಗಿ ನಾನು ನಿದ್ದೆ ಮಾಡಿದೆ.

ಅಷ್ಟರಲ್ಲಿ ಕಂಪನಿಯವನು ಬಂದ. ಹಾಡು ಮಾರುವ ಕಂಪನಿ. ಚೂಪು ಬೂಟು, ಕುರ್ಚಿಯ ತುದಿಯಲ್ಲಿ ಕೂತು ಎಲ್ಲರಿಗೂ "ಸಾರ್" ಎನ್ನುವ ಬಾಯಿ. ಅವನು ಬಿಡಿಸಿ ಹೇಳಿದ. "ಹೊಸದೇನೂ ಬೇಡ ಸಾರ್. ಜನಕ್ಕೆ ಅದೇ ಬೇಕು. ಅದೇ ಸ್ಪೀಡು, ಅದೇ ಗ್ಯಾಪು, ಗ್ಯಾಪಲ್ಲಿ ಅಪ್ಪಾವ್ರ ಕೆಮ್ಮು. ಮಾತು ಮಾತ್ರ ಬೇರೆ ಇರಲಿ."

ಮಕ್ಕಳು ಒಂದೇ ಮಧ್ಯಾಹ್ನದಲ್ಲಿ ಮಾತು ಬೇರೆ ಮಾಡಿದರು. "ಮಾಡ್ತೀನಂದೋಳು ಮಾಡ್ಲಿಲ್ಲ", ಖಾಲಿ ಜಾಗ, "ಫೋನೂ ಹತ್ಲಿಲ್ಲ". ಬಸ್ಸು ತೆಗೆದು ಫೋನು ಇಟ್ಟದ್ದು. ನಾನು ಹಳೇ ಪರದೆ ಕತ್ತರಿಸಿ ದಿಂಬಿನ ಚೀಲ ಮಾಡಿದರೂ ಇದಕ್ಕಿಂತ ಹೆಚ್ಚು ಬದಲಾವಣೆ ಕಾಣುತ್ತದೆ. ದೊಡ್ಡವನು ಅದನ್ನು ನನ್ನೆದುರು ಹಾಡಿ, "ಹೇಗಿದೆ ಅಮ್ಮಾ?" ಎಂದ. "ಮೊದಲೇ ಕೇಳಿದ್ದೆನಲ್ಲೋ" ಎಂದೆ. ಮುಖ ಊದಿಸಿಕೊಂಡು ಹೋದ.

ತೊಂದರೆ ಬಂದದ್ದು ಕೆಮ್ಮಿಗೆ. ಹಳೆಯ ಹಾಡಿನಿಂದ ಕೆಮ್ಮನ್ನು ಕಿತ್ತುಕೊಳ್ಳಲು ನೋಡಿದರು. ಒಂದೇ ಮೈಕಿನಲ್ಲಿ ಹಿಡಿದದ್ದು, ಚಿಕ್ಕವನ ನಗು, ತಂತಿಯ ಗುಂಯ್ ಎಲ್ಲವೂ ಅದಕ್ಕೇ ಅಂಟಿಕೊಂಡು ಬಂತು. ತಾವೇ ಕೆಮ್ಮಿ ನೋಡಿದರು, ನಾಟಕದವರ ಹಾಗೆ ಕೇಳಿಸಿತು. ಕೊನೆಗೆ ಇವರನ್ನು ಕೂರಿಸಿ ಕೆಮ್ಮಿಸಿದರು. ಇವರು ಪಾಪ, ಮುಖ ಕೆಂಪಗೆ ಮಾಡಿಕೊಂಡು ಪ್ರಯತ್ನಪಟ್ಟರು. ಗಂಟಲು ಸರಿಮಾಡಿಕೊಂಡ ಹಾಗೆ ಒಂದು ಸಣ್ಣ ಸದ್ದು ಬಂತು, ಅಷ್ಟೇ. ಎದೆ ವಾಸಿಯಾಗುತ್ತಿತ್ತು.

"ಛೇ, ಕೆಮ್ಮೇ ಹೋಗ್ಬಿಡ್ತಲ್ಲಪ್ಪಾ" ಎಂದ ದೊಡ್ಡವನು. ಚಿಕ್ಕವನು ಡ್ರಮ್ಮಿನ ಕಡ್ಡಿಯಿಂದ ಬೆನ್ನು ಕೆರೆದುಕೊಂಡ. ಇಷ್ಟೇ ನಡೆದದ್ದು. ಮಾತ್ರೆ ಬಿಡು ಎಂದು ಅವರಿಬ್ಬರೂ ಒಂದು ಸಲವೂ ಬಾಯಿ ಬಿಟ್ಟು ಹೇಳಲಿಲ್ಲ. ಇವತ್ತಿಗೂ ಅದನ್ನೇ ಹೇಳಿ ಕೈ ತೊಳೆದುಕೊಳ್ಳುತ್ತಾರೆ.

ಸ್ವಲ್ಪ ದಿನಕ್ಕೆ ಇವರು ಮತ್ತೆ ಕೆಮ್ಮತೊಡಗಿದರು. ನಾನು ದಿನವೂ ಮಾತ್ರೆ ಕೊಡುತ್ತಿದ್ದೆ, ನೀರಿನ ಲೋಟ ಖಾಲಿಯಾಗುತ್ತಿತ್ತು, ಮತ್ತೆ ಕೆಮ್ಮೇಕೆ ಎಂದು ತಲೆ ಕೆಡಿಸಿಕೊಂಡೆ. ಒಂದು ಬೆಳಗ್ಗೆ ಗೋಡೆ ಗುಡಿಸುವಾಗ ಪೊರಕೆ ಸ್ಪ್ರೇ ಗನ್ನಿಗೆ ತಗುಲಿತು. ಒಳಗೆ ಏನೋ ಗಲಗಲ ಎಂದಿತು. ಕೆಳಗಿಳಿಸಿ ಬಣ್ಣ ತುಂಬುವ ಬಟ್ಟಲಿನ ಮುಚ್ಚಳ ತಿರುಗಿಸಿದೆ. ಎಲ್ಲ ಮಾತ್ರೆ. ಕೆಲವು ನಾಲಿಗೆಯ ಒದ್ದೆಗೆ ಅರ್ಧ ಕರಗಿ ಒಂದಕ್ಕೊಂದು ಮೆತ್ತಿಕೊಂಡಿದ್ದವು.

"ಏನ್ರೀ ಇದು?" ಎಂದು ಬಟ್ಟಲನ್ನು ಇವರ ಮುಂದೆ ಕುಕ್ಕಿದೆ.

"ಹಾಡು ಮುಗೀಲಿ ಕಣೇ. ಆಮೇಲೆ ಎಲ್ಲಾ ಒಟ್ಟಿಗೆ ಶುರು ಮಾಡ್ತೀನಿ."

"ಒಟ್ಟಿಗೆ ನುಂಗೋಕೆ ಇದೇನು ಕಡ್ಲೆಪುರಿನಾ? ಡಾಕ್ಟರಮ್ಮ ಏನಂದ್ರು ಮರ್ತೋಯ್ತಾ? ಸಾಯ್ತೀರಿ, ಗೊತ್ತಾ? ಸಾಯ್ತೀರಿ!"

ಇವರು ನನ್ನ ಮುಖ ನೋಡಲಿಲ್ಲ, ಬಟ್ಟಲನ್ನು ನೋಡಿದರು. "ಇಡೀ ಆಯಸ್ಸು ಬಣ್ಣ ಹೊಡ್ದೆ ಕಣೇ. ಒಂದು ಕಾರಿನ ಮೇಲಾದ್ರೂ ನನ್ನ ಹೆಸರಿತ್ತಾ? ಈಗ ಬೀದೀಲಿ ಹೋದ್ರೆ ಕೂಗ್ತಾರೆ. ಇನ್ನೊಂದೇ ಒಂದು ಸಲ."

ನಾನು ಮಕ್ಕಳಿದ್ದ ಕೋಣೆಗೆ ನುಗ್ಗಿದೆ. ಬಾಯಿಗೆ ಬಂದದ್ದೆಲ್ಲ ಬೈದೆ. ದೊಡ್ಡವನು ಗಿಟಾರಿನ ಕಿವಿ ತಿರುಚುತ್ತಲೇ ಕೇಳಿಸಿಕೊಂಡ. "ನಾವೇನ್ ಬಿಡು ಅಂದ್ವಾ ಅಮ್ಮಾ? ಅಪ್ಪನೇ ಆಸೆಪಟ್ಟಿದ್ದು. ಮುದುಕನ ಆಸೆಗೆ ಕಲ್ಲು ಹಾಕ್ಬೇಡ. ಈ ವಾರದಲ್ಲೇ ಮುಗಿಸ್ತೀವಿ" ಎಂದ. ಚಿಕ್ಕವನ ಕಡೆ ತಿರುಗಿದೆ. ಎದೆ ಹಾಲು ಕುಡಿಯುವಾಗ ನನ್ನ ಬೆರಳು ಬಿಡದೆ ಹಿಡಿದುಕೊಳ್ಳುತ್ತಿದ್ದ ಮಗು ಅದು. "ಇನ್ನೂ ಸ್ವಲ್ಪ ಗಟ್ಟಿ ಬರ್ಬೇಕು" ಎಂದ, ಅಣ್ಣನಿಗೆ. ಪಕ್ಕದ ಕೋಣೆಯಿಂದ ಬರುತ್ತಿದ್ದ ಕೆಮ್ಮನ್ನು ಅವನು ಕಿವಿಗೊಟ್ಟು ಕೇಳುತ್ತಿದ್ದ.

ಅಂದಿನಿಂದ ಮಾತ್ರೆಯನ್ನು ಪುಡಿಮಾಡಿ ಅನ್ನದಲ್ಲಿ ಕಲಸಿದೆ. ಇವರು ತಟ್ಟೆ ಮೂಸಿ ಪಕ್ಕಕ್ಕೆ ಸರಿಸಿದರು. ಅತ್ತು ಕಾಲಿಗೆ ಬಿದ್ದೆ. ನನ್ನ ತಲೆ ಸವರಿ "ಈ ವಾರ" ಎಂದರು. ಮದುವೆಯಾದಾಗಿನಿಂದ ನನ್ನ ಒಂದೇ ಒಂದು ಮಾತು ಮೀರದ ಮನುಷ್ಯ.

ರೆಕಾರ್ಡಿಂಗ್ ನಡೆದದ್ದು ಕಂಪನಿಯ ದೊಡ್ಡ ಸ್ಟುಡಿಯೊದಲ್ಲಿ. ಗೋಡೆಗೆಲ್ಲ ಕಪ್ಪು ಸ್ಪಂಜು, ನಡುವೆ ದಪ್ಪ ಗಾಜು, ಗಾಜಿನಾಚೆ ಮಕ್ಕಳು ಮತ್ತು ಕಂಪನಿಯವನು. ಬಾಗಿಲಲ್ಲೇ ಒಬ್ಬ ಕ್ಯಾಮೆರಾ ಹಿಡಿದು ಇವರು ಕಾರಿಂದ ಇಳಿಯುವುದನ್ನು, ಕೈ ಮುಗಿಯುವುದನ್ನು, ಕುರ್ಚಿಯಲ್ಲಿ ಕೂತು ಕೆಮ್ಮುವುದನ್ನು ವಿಡಿಯೊ ಮಾಡಿಕೊಂಡ. ನಾನು ಹೊರಗೆ ಹೋಗಲಾರೆ ಎಂದು ಹಟ ಹಿಡಿದು ಇವರ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡೆ.

ಕಿವಿಗೆ ಹೆಡ್‌ಫೋನ್ ಹಾಕಿದರು. ಹಾಡು ಶುರುವಾಯಿತು, ಇವರಿಗೆ ಮಾತ್ರ ಕೇಳಿಸುತ್ತಿತ್ತು. ಗಾಜಿನಾಚೆಯಿಂದ ಚಿಕ್ಕವನು ಬೆರಳೆತ್ತಿ ಜಾಗ ತೋರಿಸಿದ. ಕೆಮ್ಮು ಬೇಗ ಬಂತು. ಮತ್ತೆ ಮೊದಲಿನಿಂದ. ಈ ಸಲ ತಡವಾಗಿ ಬಂತು. ಮತ್ತೆ. ಈ ಸಲ ಜಾಗಕ್ಕೆ ಸರಿಯಾಗಿ ಬಂತು, ಆದರೆ ನಿಲ್ಲಲಿಲ್ಲ.

"ಅಪ್ಪಾ, ಎರಡೇ" ಎಂದು ದೊಡ್ಡವನ ಧ್ವನಿ ಮೇಲಿನ ಸ್ಪೀಕರಿನಿಂದ ಬಂತು. "ಎರಡೇ ಸಲ ಕೆಮ್ಮಬೇಕು. ಮೂರನೇದು ಬೇಡ."

"ಗೊತ್ತಪ್ಪಾ" ಎಂದರು ಇವರು. ಉಸಿರು ಸಿಕ್ಕಿದ್ದು ಅಷ್ಟಕ್ಕೇ.

ಮತ್ತೆ ಹಾಡು, ಮತ್ತೆ ಬೆರಳು. ಇವರು ಎರಡು ಕೆಮ್ಮಿ ಮೂರನೆಯದನ್ನು ಹಲ್ಲು ಕಚ್ಚಿ ತಡೆದರು. ಅದು ಒಳಗೇ ಸಿಡಿದು ಇಡೀ ಮೈ ಮಡಚಿಕೊಂಡಿತು. ಹೆಡ್‌ಫೋನ್ ಜಾರಿ ಕೊರಳಿಗೆ ಬಿತ್ತು. ಬಾಯಿಗೆ ಒತ್ತಿಕೊಂಡ ಕರವಸ್ತ್ರವನ್ನು ನನಗೆ ಕಾಣದ ಹಾಗೆ ಮುಷ್ಟಿಯಲ್ಲಿ ಮುದುರಿದರು. ನನಗೆ ಕಂಡಿತ್ತು, ಕೆಂಪು. ನಾನು ಗಾಜಿಗೆ ಬಡಿದೆ. "ಸಾಕು ಮಾಡ್ರೋ! ರಕ್ತ ಬರ್ತಿದೆ ಕಣ್ರೋ!" ಎಂದು ಕೂಗಿದೆ. ದಪ್ಪ ಗಾಜು. ಒಳಗಿನ ಮೈಕಿನಿಂದ ಅವರಿಗೆ ಎಲ್ಲವೂ ಕೇಳಿಸುತ್ತಿತ್ತು, ಆದರೂ ದೊಡ್ಡವನು ತುಟಿಯ ಮೇಲೆ ಬೆರಳಿಟ್ಟು ನನಗೆ ಸುಮ್ಮನಿರಲು ಸನ್ನೆ ಮಾಡಿದ. ರೆಕಾರ್ಡಿಂಗಿನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು.

ಕೊನೆಗೆ ನಿಲ್ಲಿಸಿದವನು ಕಂಪನಿಯವನು. ಕರುಣೆಯಿಂದಲ್ಲ. ಬಾಗಿಲು ತೆರೆದು ತಲೆ ಅಲ್ಲಾಡಿಸಿದ. "ಆಗಲ್ಲ ಸಾರ್. ಇದ್ರಲ್ಲಿ ಕಾಯಿಲೆ ಕೇಳಿಸ್ತಿದೆ. ಮೊದಲನೇದು ಮಜಾ ಇತ್ತು. ಇದನ್ನ ಹಾಕಿದ್ರೆ ಜನ ಹೆದರ್ಕೋತಾರೆ."

ಮಾರನೆಯ ದಿನ ಒಬ್ಬ ಮಿಮಿಕ್ರಿಯವನನ್ನು ಕರೆಸಿದರು. ನಾಯಿ, ರೈಲು, ಮಂತ್ರಿ ಎಲ್ಲರನ್ನೂ ಮಾಡುವವನಂತೆ. ಹಳೆಯ ಹಾಡು ಕೇಳಿ, ಟೀ ಕುಡಿದು, ಒಂದೇ ಸಲಕ್ಕೆ ಖೊಳ್ ಖೊಳ್ ಎಂದು ಮುಗಿಸಿ ಹೋದನಂತೆ. ಇದನ್ನು ನನಗೆ ಹೇಳಿದ್ದು ದೊಡ್ಡವನೇ. "ಅಪ್ಪಂಗೆ ಹೇಳ್ಬೇಡಮ್ಮಾ, ಬೇಜಾರ್ ಮಾಡ್ಕೋತಾರೆ" ಎಂದು ಸೇರಿಸಿದ. ಅಪ್ಪನ ಬೇಜಾರಿನ ಬಗ್ಗೆ ಅವನಿಗೆ ಅಷ್ಟು ಕಾಳಜಿ. ವಿಡಿಯೊದಲ್ಲಿ ಇವರ ಬಾಯಿ, ಅದರ ಮೇಲೆ ಆ ಮಿಮಿಕ್ರಿಯವನ ಕೆಮ್ಮು.

ಅಷ್ಟು ಹೊತ್ತಿಗೆ ಇವರನ್ನು ಎದೆ ಆಸ್ಪತ್ರೆಗೆ ಸೇರಿಸಿದ್ದೆ. ಡಾಕ್ಟರಮ್ಮ ನನ್ನ ಮೇಲೆ ಹಾರಾಡಿದರು. "ಮಧ್ಯ ಬಿಡ್ಬೇಡಿ ಅಂತ ಹೇಳಿರ್ಲಿಲ್ವಾ? ಯಾರ್ರೀ ಬಿಡಿಸಿದ್ದು?" ನಾನು ಹಾಡು ಎಂದೆ. ಅವರಿಗೆ ಅರ್ಥವಾಗಲಿಲ್ಲ, ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಹಳೆಯ ಮಾತ್ರೆ ಈಗ ಕೇಳುವುದಿಲ್ಲ, ಹೊಸದನ್ನು ಕೊಟ್ಟು ನೋಡೋಣ ಎಂದರು. ಆ "ನೋಡೋಣ"ದಲ್ಲೇ ನನಗೆ ತಿಳಿಯಿತು.

ಹಾಡು ಬಿಡುಗಡೆಯಾಯಿತು. ಅದೇ ಹಾಡು ಎಂದು ಜನ ಬೈದರು, ಬೈಯುತ್ತಲೇ ಕುಣಿದರು. ವಾರ್ಡಿನಲ್ಲಿ ಪಕ್ಕದ ಮಂಚದ ಹುಡುಗ ಇವರನ್ನು ಗುರುತು ಹಿಡಿದು, "ಅಜ್ಜಾ, ನಿಮ್ಮ ಹೊಸ ಹಾಡು!" ಎಂದು ಮೊಬೈಲನ್ನು ಜೋರಾಗಿ ಇಟ್ಟ. ವಾರ್ಡಿಗೆ ವಾರ್ಡೇ ಇತ್ತ ತಿರುಗಿತು. ಎಲ್ಲರೂ ಎದೆಯ ರೋಗಿಗಳು. "ಮಾಡ್ತೀನಂದೋಳು ಮಾಡ್ಲಿಲ್ಲ" ಎಂದು ಹಾಡು ನಿಂತದ್ದೇ ಎಲ್ಲ ಮಂಚಗಳಿಂದಲೂ ಒಟ್ಟಿಗೆ ಖೊಳ್ ಖೊಳ್ ಬಂತು. ಕೆಲವರದು ಎರಡಕ್ಕೆ ನಿಲ್ಲಲಿಲ್ಲ, ಆದರೂ ನಗುತ್ತಿದ್ದರು. ಇವರೂ ತಾಳಕ್ಕೆ ಬೆರಳೆತ್ತಿದರು. ಕೆಮ್ಮಲು ಎದೆಯಲ್ಲಿ ಗಾಳಿಯಿರಲಿಲ್ಲ.

ಹುಡುಗ ಮತ್ತೊಮ್ಮೆ ಹಾಕಿದ. ಈ ಸಲ ಇವರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ನನ್ನ ಸೆರಗು ಹಿಡಿದು ಹತ್ತಿರಕ್ಕೆಳೆದುಕೊಂಡರು.

"ಇದು ನಾನಲ್ಲ ಕಣೇ."

"ನೀವೇ ರೀ."

"ಇಷ್ಟು ವರ್ಷ ಕೆಮ್ಮಿದ್ದೀನಿ, ನಂಗೆ ಗೊತ್ತಾಗಲ್ವಾ? ಯಾರದು?"

ಸುಳ್ಳು ಹೇಳಬಹುದಿತ್ತು. ನನ್ನ ಬಾಯಿಗೆ ಬರಲಿಲ್ಲ. "ಯಾರೋ ಮಿಮಿಕ್ರಿಯವನಂತೆ" ಎಂದೆ.

ಇವರು ನನ್ನ ಸೆರಗು ಬಿಟ್ಟರು. "ಚೆನ್ನಾಗಿ ಕೆಮ್ಮಿದ್ದಾನೆ" ಎಂದರು. ನರ್ಸು ಬಂದು "ಏನ್ ಕೆಮ್ಮಜ್ಜಾ, ಮತ್ತೆ ಹಿಟ್ಟಾಯ್ತಂತೆ?" ಎಂದಾಗ ಹೌದೆಂದು ತಲೆಯಾಡಿಸಿದರು. ಅದೇ ವಾರ ಹೋದರು.

ಸುದ್ದಿ ಕೇಳಿ ಮಕ್ಕಳು ಓಡಿಬಂದರು. ವಾರ್ಡಿನ ಹೊರಗಿನ ಬೆಂಚಿನ ಮೇಲೆ ನನ್ನ ಎರಡೂ ಪಕ್ಕ ಕೂತರು. ನನ್ನ ಹೊಟ್ಟೆಯೊಳಗಿಂದ ಒಂದು ಅಳು ಎದ್ದು ಗಂಟಲಿಗೆ ಬಂತು, ಬಾಯಿ ತೆರೆದೆ. ಆಗ ಕಂಡಿತು. ಚಿಕ್ಕವನ ಅಂಗಿ ಜೇಬಿನಿಂದ ಮೊಬೈಲು ಅರ್ಧ ಹೊರಗಿತ್ತು, ಅದರ ಮೇಲೆ ಸೆಕೆಂಡುಗಳು ಓಡುತ್ತಿದ್ದವು, ಪಕ್ಕದಲ್ಲಿ ಕೆಂಪು ಚುಕ್ಕಿ. ಅವನು ಅಳುತ್ತಿದ್ದ, ನಿಜವಾಗಿಯೇ ಅಳುತ್ತಿದ್ದ. ಅಳುತ್ತಲೇ ಜೇಬನ್ನು ನನ್ನ ಕಡೆಗೆ ಸ್ವಲ್ಪ ತಿರುಗಿಸಿದ. ನಾನು ಬಾಯಿ ಮುಚ್ಚಿದೆ. ಅಂದು ಅಳದೆ ಇದ್ದುದಕ್ಕೆ ನೆಂಟರೆಲ್ಲ ನನ್ನನ್ನು ಕಲ್ಲು ಎಂದರು.

ಈಗ ಮೂರನೆಯ ಹಾಡಂತೆ. ಅಪ್ಪನ ನೆನಪಿಗೆ. ಅದೇ ಓಟ, ಅದೇ ಖಾಲಿ ಜಾಗ. ದೊಡ್ಡವನು ದಿನಾ ಬಂದು ನನ್ನ ಮಿಷನ್ನಿನ ಮೇಲೆ ಮೊಬೈಲನ್ನು ಬೋರಲು ಇಟ್ಟು, "ಅಪ್ಪನ ಬಗ್ಗೆ ಏನಾದ್ರೂ ಹೇಳಮ್ಮಾ. ಮನಸ್ಸು ಹಗುರ ಮಾಡ್ಕೋ" ಎನ್ನುತ್ತಾನೆ. ಎಷ್ಟು ಪ್ರೀತಿಯಿಂದ ಹೇಳುತ್ತಾನೆಂದರೆ, ಬೇರೆ ಯಾವ ತಾಯಿಯಾದರೂ ಕರಗಿಹೋಗಬೇಕು. ಆ ಮೊಬೈಲಿನ ಅಡಿಯಲ್ಲಿ ಕೆಂಪು ಚುಕ್ಕಿ ಇದೆ ಎಂದು ನನಗೆ ಗೊತ್ತು. ಅವನಿಗೆ ನಾನು ಏನೂ ಹೇಳುವುದಿಲ್ಲ.

ಅಳು ಬರುತ್ತದೆ. ಬರದೆ ಏನು, ನನ್ನ ಗಂಡ ಅವರು. ಬಂದಾಗ ಬಟ್ಟೆಯನ್ನು ಸೂಜಿಯ ಕೆಳಗೆ ತಳ್ಳಿ, ಎರಡೂ ಕಾಲಿನಿಂದ ಮಿಷನ್ ತುಳಿಯುತ್ತೇನೆ. ಜೋರಾಗಿ, ನಿಲ್ಲಿಸದೆ, ನೂಲು ಮುಗಿದ ಮೇಲೂ ತುಳಿಯುತ್ತೇನೆ. "ಅಮ್ಮಾ, ಮಿಷನ್ ನಿಲ್ಸು" ಎಂದು ಅವನು ಕೂಗುತ್ತಾನೆ. ಅದರ ಸದ್ದಿನೊಳಗೆ ಕೂತು ನಾನು ಬಾಯಿಬಿಟ್ಟು ಅಳುತ್ತೇನೆ.